ಬಿರುದು ಕೊಟ್ಟವನ ಹೊಣೆ

ದೂರದೇಶದ ವ್ಯಾಪಾರವು ವಣಿಕರಿಗೆ ಹೊಸದಲ್ಲ. ಆದರೆ ಹಿಂದೆ ಕೊಳ್ಳುವವನು ಸರಕನ್ನು ಕಣ್ಣಾರೆ ಕಂಡು, ಇಲ್ಲವೇ ಪರಿಚಿತ ದಲ್ಲಾಳಿಯ ಮಾತನ್ನು ನಂಬಿ ಹಣ ಕೊಡುತ್ತಿದ್ದನು. ಇಂದು ಅಂತರ್ಜಾಲದ ಮಾರುಕಟ್ಟೆಯಲ್ಲಿ ಆತನು ಕಾಣುವುದು ಸರಕಿನ ಚಿತ್ರವನ್ನು. ನಂಬುವುದು ಮಾರಾಟಗಾರನ ಹೆಸರಿನ ಬದಿಯಲ್ಲಿರುವ ಬಿರುದನ್ನು. ಆ ಬಿರುದನ್ನು ಕೊಟ್ಟವನ ಹೊಣೆ ಎಷ್ಟು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಚೀನಾದ ಹಾಂಗ್‌ಝೌ ನಗರದಲ್ಲಿ 1999ರಲ್ಲಿ ಆರಂಭವಾದ ಅಲಿಬಾಬಾ ಸಂಸ್ಥೆಯು ಅಲ್ಲಿನ ಸಣ್ಣ ಉತ್ಪಾದಕರನ್ನು ಪರದೇಶದ ವರ್ತಕರೊಡನೆ ಜೋಡಿಸಿತು. ಇದು ಅಲ್ಪವಾದ ಉಪಕಾರವಲ್ಲ. ವಾರ್ಷಿಕ ಶುಲ್ಕ ತೆತ್ತು ಪರಿಶೀಲನೆಗೆ ಒಳಪಟ್ಟ ಮಾರಾಟಗಾರರಿಗೆ ಅದು ‘ಗೋಲ್ಡ್ ಸಪ್ಲೈಯರ್’ ಎಂಬ ಬಿರುದನ್ನು ನೀಡುತ್ತಿತ್ತು. 2009 ಮತ್ತು 2010ರಲ್ಲಿ ಈ ಬಿರುದು ಹೊತ್ತ 2,300ಕ್ಕೂ ಹೆಚ್ಚು ಮಾರಾಟಗಾರರು ವಂಚನೆಯಲ್ಲಿ ತೊಡಗಿದ್ದರೆಂದು 2011ರ ಫೆಬ್ರವರಿಯಲ್ಲಿ ಸಂಸ್ಥೆಯೇ ಒಪ್ಪಿಕೊಂಡಿತು. ಬೇಡಿಕೆಯುಳ್ಳ ಎಲೆಕ್ಟ್ರಾನಿಕ್ ಸರಕನ್ನು ಅಗ್ಗದ ಬೆಲೆಗೆ ತೋರಿಸಿ ಅವರು ಕೊಳ್ಳುವವರ ಹಣವನ್ನು ಸೆಳೆದಿದ್ದರು. ಸಂಸ್ಥೆಯ ಸುಮಾರು 100 ಮಂದಿ ಮಾರಾಟ ಸಿಬ್ಬಂದಿ ತಿಳಿದೋ ಅಲಕ್ಷ್ಯದಿಂದಲೋ ಅವರನ್ನು ಒಳಗೆ ಬಿಟ್ಟಿದ್ದರು.

ವಂಚಿಸಿದವನ ದೋಷ ಸ್ಪಷ್ಟವಾಗಿದೆ. ಒಳಗೆ ಬಿಟ್ಟವನ ದೋಷವೆಂತಹುದು? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ; ಅಂದರೆ ತಾನು ಕದಿಯದಿದ್ದರೂ ಕದಿಯುವವನಿಗೆ ಪ್ರೇರಕನಾಗುವುದು. ಕೊನೆಯದು ಪ್ರತಿರೂಪಕ ವ್ಯವಹಾರ. ಅಸಲಿನ ಹೆಸರಿನಲ್ಲಿ ನಕಲಿಯನ್ನು ಸಾಗಿಸುವುದು. ಶುಲ್ಕ ಕೊಟ್ಟವನು ಮಾರಾಟಗಾರ, ಬಿರುದನ್ನು ನಂಬಿದವನು ಕೊಳ್ಳುವವನು. ಮಾರಾಟದ ಗುರಿ ಮುಟ್ಟುವ ಆತುರದಲ್ಲಿ ಪರಿಶೀಲನೆ ಸಡಿಲವಾದಾಗ ಬಿರುದೇ ನಕಲಿ ಸರಕಾಯಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿಯೂ ದೋಷವನ್ನು ಕಾಣುವ ನಮ್ಮ ಶಾಸ್ತ್ರದೃಷ್ಟಿಗೆ ‘ನಾವು ಕೇವಲ ಮಧ್ಯವರ್ತಿಗಳು’ ಎಂಬ ಸಮಾಧಾನವು ಒಪ್ಪಿಗೆಯಾಗದು.

ಆದರೂ ಮೆಚ್ಚತಕ್ಕ ಅಂಶವೊಂದುಂಟು. ವಂಚನೆಯಲ್ಲಿ ತಮ್ಮ ಕೈವಾಡವಿಲ್ಲದಿದ್ದರೂ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ವೇ ಹಾಗೂ ಅವರ ಸಹೋದ್ಯೋಗಿ ಎಲ್ವಿಸ್ ಲೀ ಹೊಣೆ ಹೊತ್ತು ಪದತ್ಯಾಗ ಮಾಡಿದರು. ಮುಂದೆ, ಸರಕು ತಲುಪುವವರೆಗೆ ಕೊಳ್ಳುವವನ ಹಣವನ್ನು ಕಾಯ್ದಿರಿಸುವ ಏರ್ಪಾಡೂ ಬಂದಿತು. ಇದು ಹಣವನ್ನು ರಕ್ಷಿಸೀತು. ಆದರೆ ಯೋಗ್ಯತೆಯನ್ನು ಅರಿತು ಬಿರುದು ಕೊಡುವ ವಿವೇಕವು ಯಂತ್ರದಿಂದ ಬರುವುದಲ್ಲ.

ಈ ಮಾತು ಚೀನಾಕ್ಕೆ ಮಾತ್ರ ಸಲ್ಲುವುದಲ್ಲ. ದೇಣಿಗೆಯ ಮೊತ್ತವನ್ನು ನೋಡಿ ಸನ್ಮಾನಪತ್ರ ನೀಡುವ ಬಸದಿಯ ಟ್ರಸ್ಟೂ ಒಂದು ಬಗೆಯ ಬಿರುದನ್ನೇ ಕೊಡುತ್ತದೆ. ಆ ಪತ್ರವನ್ನು ಅಂಗಡಿಯ ಗೋಡೆಯ ಮೇಲೆ ಕಂಡ ಗ್ರಾಹಕನು ‘ಇವರು ಧರ್ಮಿಷ್ಠರು’ ಎಂದು ನಂಬಿ ಹಣ ಎಣಿಸುತ್ತಾನೆ. ಆ ನಂಬಿಕೆಗೆ ನಾವು ಉತ್ತರವಾದಿಗಳಲ್ಲವೇ? ಸನ್ಮಾನಕ್ಕೆ ಮುನ್ನ ದಾನದ ಮೊತ್ತದೊಡನೆ ಗಳಿಕೆಯ ಮಾರ್ಗವನ್ನೂ ವಿಚಾರಿಸುವುದು ಶ್ರಾವಕರಾದ ನಮಗೆ ಕರ್ತವ್ಯ.