ಪರದೆಯ ಹಿಂದಿನ ಪೆಟ್ಟಿಗೆ: ಥಾಣೆ–ಕಲ್ಯಾಣ್ ಉತ್ಸವಗಳ ವಿದ್ಯುತ್ ವ್ಯವಸ್ಥೆ

ಥಾಣೆಯ ಟೆಂಭಿ ನಾಕಾದ ದಹಿ ಹಂಡಿ, ಡೊಂಬಿವಲಿಯ ಗುಡಿಪಾಡ್ವ ಶೋಭಾಯಾತ್ರೆ, ಕಲ್ಯಾಣದ ದುರ್ಗಾಡಿ ಕೋಟೆಯ ನವರಾತ್ರಿ, ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದ ಸಂಗೀತ ಕಾರ್ಯಕ್ರಮಗಳು, ಇಂತಹ ಕಡೆಗಳಲ್ಲೆಲ್ಲ ಎಲ್‌ಇಡಿ ಪರದೆ ಈಗ ಅಲಂಕಾರವಾಗಿ ಉಳಿಯದೆ ಅನಿವಾರ್ಯ ಸಲಕರಣೆಯಾಗಿದೆ. ಡೊಂಬಿವಲಿ, ವಾಶಿಗಳ ಕನ್ನಡಿಗರ ವಾರ್ಷಿಕೋತ್ಸವಗಳಲ್ಲೂ ಬಟ್ಟೆಯ ಹಿನ್ನೆಲೆಯ ಜಾಗವನ್ನು ಅದು ಹಿಡಿಯುತ್ತಿದೆ. ಪರದೆಯ ಬಗ್ಗೆ ಆಡುವ ಮಾತೆಲ್ಲ ಅದರ ಹೊಳಪು ಮತ್ತು ಅಳತೆಗೆ ಸೀಮಿತವಾಗಿರುತ್ತದೆ. ಆದರೆ ಈ ಪದ್ಧತಿಯ ಗುಣದೋಷಗಳನ್ನು ತೂಗಬೇಕಾದದ್ದು ಪರದೆಯ ಹಿಂಬದಿಯಲ್ಲಿ, ಜನರೇಟರಿನ ಕೇಬಲ್ ಬಂದು ಸೇರಿ ಹಲವು ಕವಲುಗಳಾಗಿ ಒಡೆಯುವ ವಿತರಣಾ ಪೆಟ್ಟಿಗೆಯಲ್ಲಿ, ಅಂದರೆ ಕೆಲಸಗಾರರು ‘ಡಿಬಿ’ ಎಂದು ಕರೆಯುವ ಜಾಗದಲ್ಲಿ.

ಮಧ್ಯಮ ಗಾತ್ರದ ಒಂದು ಪರದೆಯನ್ನು ತೆಗೆದುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ಅರ್ಧ ಮೀಟರ್ ಚೌಕದ ಕ್ಯಾಬಿನೆಟ್‌ಗಳನ್ನು ಅಡ್ಡಕ್ಕೆ 12, ಎತ್ತರಕ್ಕೆ 7ರಂತೆ ಜೋಡಿಸಿದಾಗ ಒಟ್ಟು 84 ಕ್ಯಾಬಿನೆಟ್‌ಗಳ, 21 ಚದರ ಮೀಟರಿನ ಗೋಡೆ ಸಿದ್ಧವಾಗುತ್ತದೆ. ಪೂರ್ತಿ ಬಿಳಿ ಚಿತ್ರ ಮೂಡಿದಾಗ ಚದರ ಮೀಟರಿಗೆ 700 ವ್ಯಾಟ್ ಎಂದು ಹಿಡಿದರೂ ಅದಕ್ಕೆ ಬೇಕಾಗುವುದು 15 ಕಿಲೋವ್ಯಾಟಿಗಿಂತ ತುಸು ಕಡಿಮೆ, ಮೂರು ಫೇಸುಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ಸುಮಾರು 21 ಆಂಪಿಯರ್. ಇಷ್ಟು ಹೊರೆಯನ್ನು ಹೊರುವ ಕೇಬಲ್ ಈ ಪಟ್ಟಣಗಳ ಯಾವ ಡೆಕೋರೇಟರ್ ಬಳಿಯೂ ಇರುತ್ತದೆ. ತೊಡಕು ಇರುವುದು ಹೊರೆಯಲ್ಲಲ್ಲ, ಸೋರಿಕೆಯಲ್ಲಿ. ಪ್ರತಿ ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ ತನ್ನ ಶೋಧಕ ಕೆಪಾಸಿಟರುಗಳ ಮೂಲಕ, ಯಾವ ದೋಷವೂ ಇಲ್ಲದಾಗಲೂ, ಅತ್ಯಲ್ಪ ವಿದ್ಯುತ್ತನ್ನು ಅರ್ಥಿಂಗ್ ತಂತಿಗೆ ಬಿಡುತ್ತದೆ. ಒಂದಕ್ಕೆ 1 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಒಂದು ಫೇಸಿನ 28 ಕ್ಯಾಬಿನೆಟ್‌ಗಳಿಂದ 28 ಮಿಲಿಆಂಪಿಯರ್ ಆಯಿತು. ಮನುಷ್ಯನ ದೇಹದ ಮೂಲಕ ವಿದ್ಯುತ್ ನೆಲಕ್ಕಿಳಿದರೆ ತಟ್ಟನೆ ಕಡಿತಗೊಳಿಸುವ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚಿನ ಮಿತಿ 30 ಮಿಲಿಆಂಪಿಯರ್ ಆಗಿದ್ದು, ಸೋರಿಕೆ ಆ ಮಿತಿಯ ಅರ್ಧ ದಾಟಿದೊಡನೆ ಅದು ಬೀಳಲೂಬಹುದಾದ್ದರಿಂದ, ಫೇಸಿಗೆ ಒಂದೇ ಆರ್‌ಸಿಸಿಬಿ ಇಟ್ಟ ಪೆಟ್ಟಿಗೆ ಸರಿಯಾಗಿದ್ದರೂ ಕಾರ್ಯಕ್ರಮದ ನಡುವೆ ಟ್ರಿಪ್ ಆಗಬಹುದು.

ಇಲ್ಲಿಯೇ ಸ್ಥಳೀಯ ಪದ್ಧತಿಯ ಅತ್ಯಂತ ದೊಡ್ಡ ದೋಷ ಹುಟ್ಟುತ್ತದೆ. ಪರದೆ ಕಪ್ಪಾದರೆ ಉತ್ಸವ ನಡೆಸುವ ಮಂಡಳದವರು ಬೈಯುತ್ತಾರೆ, ಆದ್ದರಿಂದ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೊರೆ ಮಿತಿಮೀರಿದಾಗಷ್ಟೇ ಬೀಳುವ ಸಾಮಾನ್ಯ ಎಂಸಿಬಿಯ ಮೇಲೆ ಪರದೆ ಓಡಿಸುವುದನ್ನು ಜಾಣತನವೆಂದೇ ಭಾವಿಸಲಾಗುತ್ತದೆ. ಎಂಸಿಬಿ ಉಳಿಸುವುದು ಕೇಬಲನ್ನು, ಮನುಷ್ಯನನ್ನಲ್ಲ. ಮೇಲಿನ ಉದಾಹರಣೆಯಲ್ಲಿ ಒಂದು ಕಂಬಸಾಲಿಗೆ ಒಂದರಂತೆ 12 ಆರ್‌ಸಿಸಿಬಿಗಳನ್ನು ಇಟ್ಟರೆ ಪ್ರತಿಯೊಂದರ ಮೇಲೂ 7 ಮಿಲಿಆಂಪಿಯರ್ ಮಾತ್ರ ನಿಲ್ಲುತ್ತದೆ, ವೃಥಾ ಟ್ರಿಪ್ ತಪ್ಪುತ್ತದೆ, ಒಂದು ಸಾಲು ಆರಿದರೂ ಉಳಿದ ಹನ್ನೊಂದು ಬೆಳಗುತ್ತಿರುತ್ತವೆ. ಇಷ್ಟು ಸರಳವಾದ ಪರಿಹಾರ ರೂಢಿಗೆ ಬಾರದಿರುವುದಕ್ಕೆ ಕಾರಣ ತಾಂತ್ರಿಕವಲ್ಲ: ಪರದೆಯ ಬಾಡಿಗೆ ಚದರ ಅಡಿಯ ಲೆಕ್ಕದಲ್ಲಿ ನಿಗದಿಯಾಗುತ್ತದೆ, ಪೆಟ್ಟಿಗೆಗೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲೇ ಇರುವುದಿಲ್ಲ.

ಇದ್ದ ಆರ್‌ಸಿಸಿಬಿಯೂ ಎಷ್ಟೋ ಸಲ ಹೆಸರಿಗಷ್ಟೇ ಇರುತ್ತದೆ. ಅದರ ‘ಟೆಸ್ಟ್’ ಬಟನ್ ಒತ್ತಿ, ಸ್ವಿಚ್ ಬಿದ್ದದ್ದನ್ನು ತೋರಿಸಿ ವೈರ್‌ಮನ್ ಸಮಾಧಾನ ಹೇಳುವುದುಂಟು. ಆ ಬಟನ್ ಪರೀಕ್ಷಿಸುವುದು ಸ್ವಿಚ್ಚಿನೊಳಗಿನ ಯಂತ್ರವನ್ನಷ್ಟೇ, ಅರ್ಥಿಂಗ್ ಇಲ್ಲದಿದ್ದರೂ ಅದು ಬೀಳುತ್ತದೆ. ಜನರೇಟರಿನ ನ್ಯೂಟ್ರಲ್ ಅನ್ನು ಭೂಮಿಗೆ ಜೋಡಿಸದಿದ್ದರೆ ದೋಷದ ವಿದ್ಯುತ್ತಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲವಾದ್ದರಿಂದ, ಮೊದಲ ದೋಷ ಸದ್ದಿಲ್ಲದೆ ಕುಳಿತಿದ್ದು ಎರಡನೆಯದಕ್ಕಾಗಿ ಕಾಯುತ್ತದೆ. ಡೊಂಬಿವಲಿ ಸ್ಟೇಷನ್ ಸುತ್ತಲಿನ ಕಾಂಕ್ರೀಟ್ ರಸ್ತೆಯಲ್ಲಿ ಅರ್ಥ್ ರಾಡ್ ಬಡಿಯಲು ಅಂಗೈಯಗಲದ ಮಣ್ಣೂ ಸಿಗುವುದು ಕಷ್ಟ. ಪರದೆಯನ್ನು ಹೊರುವ ಇಡೀ ಟ್ರಸ್ ಲೋಹದ್ದು, ಕೆಲವು ಹಬ್ಬಗಳು ಮಳೆಗಾಲದವು; ದಹಿ ಹಂಡಿಯಲ್ಲಂತೂ ಗೋವಿಂದರ ಮೇಲೆ ಪೈಪಿನಿಂದ ನೀರೆರಚುವುದೇ ಸಂಭ್ರಮದ ಭಾಗ.

ತಂತಿಗಳ ಬಣ್ಣ ಇನ್ನೊಂದು ಬಲೆ. ಭಾರತದ ರೂಢಿಯಲ್ಲಿ ಕೆಂಪು, ಹಳದಿ, ನೀಲಿಗಳು ಮೂರು ಫೇಸುಗಳು, ಕಪ್ಪು ನ್ಯೂಟ್ರಲ್. ಚೀನಾದಿಂದ ಬರುವ ಕ್ಯಾಬಿನೆಟ್‌ಗಳ ಮೂರೆಳೆ ತಂತಿಯಲ್ಲಾದರೋ ಕಂದು ಫೇಸ್, ನೀಲಿ ನ್ಯೂಟ್ರಲ್. ಒಂದೇ ಪೆಟ್ಟಿಗೆಯಲ್ಲಿ ಎರಡು ನೀಲಿ ತಂತಿಗಳು ಎರಡು ವಿರುದ್ಧ ಅರ್ಥಗಳೊಂದಿಗೆ ಸೇರುತ್ತವೆ, ಅದೂ ನಡುರಾತ್ರಿಯ ಅವಸರದಲ್ಲಿ. ನ್ಯೂಟ್ರಲ್‌ಗೆ ಮತ್ತೊಂದು ಕಷ್ಟವೂ ಇದೆ: ಅಗ್ಗದ ಪವರ್ ಸಪ್ಲೈಗಳು ವಿದ್ಯುತ್ತನ್ನು ಸಮನಾಗಿ ಎಳೆಯದೆ ತುಂಡುತುಂಡಾಗಿ ಎಳೆಯುವುದರಿಂದ ಮೂರೂ ಫೇಸುಗಳ ವಿಕೃತ ಅಂಶಗಳು ನ್ಯೂಟ್ರಲ್‌ನಲ್ಲಿ ಪರಸ್ಪರ ಕಳೆದುಹೋಗದೆ ಕೂಡಿಕೊಳ್ಳುತ್ತವೆ, ಫೇಸಿಗಿಂತ ನ್ಯೂಟ್ರಲ್ಲೇ ಹೆಚ್ಚು ಬಿಸಿಯಾಗಬಲ್ಲದು. ಹೀಗಿರುವಾಗ ನ್ಯೂಟ್ರಲ್ ಅರ್ಧ ದಪ್ಪವಿರುವ ‘ಮೂರೂವರೆ ಕೋರ್’ ಕೇಬಲ್ ಬಳಸುವುದು ಉಳಿತಾಯವಲ್ಲ, ಅಪರಾಧಕ್ಕೆ ಹತ್ತಿರದ ಅಜಾಗರೂಕತೆ. ಆ ನ್ಯೂಟ್ರಲ್ ಕಡಿದುಹೋದರೆ 230 ವೋಲ್ಟಿನ ಕ್ಯಾಬಿನೆಟ್‌ಗಳ ಮೇಲೆ 415ರ ಸಮೀಪದ ಒತ್ತಡ ಬೀಳಬಹುದು.

ಈ ಪದ್ಧತಿಯಲ್ಲಿ ಮೆಚ್ಚತಕ್ಕದ್ದೂ ಇದೆ. ಪರದೆಯ ಸಾಲುಗಳನ್ನು ಒಮ್ಮೆಲೇ ಹಚ್ಚದೆ ಒಂದಾದ ಮೇಲೊಂದು ಹಚ್ಚಿ ಆರಂಭದ ಕ್ಷಣದಲ್ಲಿ ಒಮ್ಮೆಲೇ ನುಗ್ಗುವ ವಿದ್ಯುತ್ತನ್ನು ತಡೆಯುವ ಕ್ರಮವನ್ನು ಇಲ್ಲಿನ ಹುಡುಗರು ಯಾವ ಕೈಪಿಡಿಯ ನೆರವೂ ಇಲ್ಲದೆ ಕಲಿತಿದ್ದಾರೆ. ಆದರೆ ಕೌಶಲವಿದ್ದರೆ ಸಾಲದು, ಹೊಣೆಯೂ ಬೇಕು: 2019ರ ಡಿಸೆಂಬರ್ 15ರಂದು ನೆರೂಳಿಗೆ ಬಂದ ಯು2 ವಾದ್ಯತಂಡದಂತಹ ಪ್ರವಾಸಗಳಲ್ಲಿ, 200 ಅಡಿ ಉದ್ದದ ಪರದೆಯಿದ್ದರೂ, ವಿದ್ಯುತ್ತಿನ ಹೊಣೆ ಒಬ್ಬನದೇ ಎಂಬ ಶಿಸ್ತು ಇರುತ್ತದೆ. ತಾತ್ಕಾಲಿಕ ರಂಗವ್ಯವಸ್ಥೆಗಾಗಿಯೇ ಇರುವ ಬ್ರಿಟನ್ನಿನ ಬಿಎಸ್ 7909 ಮಾನದಂಡದ ತಿರುಳೂ ಅದೇ. ಬೀದಿಯ ಮಂಡಳದಲ್ಲಾದರೋ ಜನರೇಟರ್ ಒಬ್ಬನದು, ಕೇಬಲ್ ಡೆಕೋರೇಟರಿನದು, ಪರದೆ ಮೂರನೆಯವನದು, ಅವುಗಳ ನಡುವಿನ ಜೋಡಣೆ ಯಾರದೂ ಅಲ್ಲ. ತಾತ್ಕಾಲಿಕ ಸಂಪರ್ಕಕ್ಕೂ ಜನರೇಟರಿಗೂ ಪ್ರತ್ಯೇಕ ನ್ಯೂಟ್ರಲ್ ಇರಲೇಬೇಕೆಂದು ವಿದ್ಯುತ್ ಪೂರೈಸುವ ಮಹಾವಿತರಣ ಕಂಪನಿ ಗಣೇಶ ಮಂಡಳಗಳನ್ನು ಎಚ್ಚರಿಸುತ್ತ ಬಂದಿರುವುದು ಈ ಅನಾಥ ಜೋಡಣೆಯ ಕಾರಣಕ್ಕೇ: ಜನರೇಟರಿನ ವಿದ್ಯುತ್ ಹಿಮ್ಮುಖವಾಗಿ ಲೈನಿಗೆ ಹರಿದರೆ ಅಪಾಯವಾಗುವುದು ಬೇರೆಲ್ಲೋ ಕಂಬವೇರಿದ ಲೈನ್‌ಮನ್‌ಗೆ.

ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗಲಿ ಮೂವರು ಯುವಕರು ಸತ್ತಂತಹ ದುರಂತಗಳ ನಂತರ ಎಲ್ಲರ ಕಣ್ಣು ತಲೆಯ ಮೇಲಿನ ತಂತಿಗಳತ್ತ ಹೋಗುವುದು ಸಹಜವೇ, ಆದರೆ ಕಾಲಬುಡದ 230 ವೋಲ್ಟಿಗೆ ಆ ಗಮನ ದೊರೆಯುತ್ತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯಲ್ಲಿ ಸೋರಿಕೆ ರಕ್ಷಣೆ ಕಡ್ಡಾಯವಾಗಿದೆ, ಕಾಗದದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಅಳತೆಯಲ್ಲಿ. ಉದ್ಘಾಟನೆಯ ಹಿಂದಿನ ರಾತ್ರಿ ಪರದೆಯ ಮೇಲೆ ಪೂರ್ತಿ ಬಿಳಿ ಚಿತ್ರವನ್ನು ಅರ್ಧ ಗಂಟೆ ನಿಲ್ಲಿಸಿ, ಕ್ಲ್ಯಾಂಪ್ ಮೀಟರನ್ನು ಮೂರು ಫೇಸುಗಳಿಗೆ ಹಿಡಿದಂತೆಯೇ ನ್ಯೂಟ್ರಲ್‌ಗೂ ಹಿಡಿದು, ಬಂದ ಅಂಕಿಗಳ ಕೆಳಗೆ ಪರವಾನಗಿಯುಳ್ಳ ಒಬ್ಬ ವ್ಯಕ್ತಿ ಸಹಿ ಹಾಕಿದ ಹಾಳೆಯನ್ನು ಮಂಟಪದ ಅನುಮತಿಪತ್ರದ ಜೊತೆ ಕೇಳುವ ರೂಢಿ ಬಂದರೆ, ಆ ಅನಾಥ ಜೋಡಣೆಗೆ ಒಬ್ಬ ವಾರಸುದಾರನಾದರೂ ಸಿಗುತ್ತಾನೆ.