ಸ್ಮೃತಿಯೂ ಹಾಸ್ಯವೂ: ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರದ ವಿಮರ್ಶೆ

ಕಳೆದ ಯೌವನವನ್ನು ನೆನೆದು ಮರುಗುವುದು ಕಾವ್ಯಕ್ಕೆ ಹೊಸತಲ್ಲ. ಆದರೆ ನೆನಪೊಂದೇ ಒಂದು ಕೃತಿಯನ್ನು ರಸವತ್ತಾಗಿ ಮಾಡಬಲ್ಲುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಭರತಮುನಿಯು ಸ್ಮೃತಿಯನ್ನು 33 ವ್ಯಭಿಚಾರಿಭಾವಗಳಲ್ಲಿ ಎಣಿಸಿರುವನೇ ಹೊರತು ಸ್ಥಾಯಿಭಾವಗಳಲ್ಲಿ ಸೇರಿಸಿಲ್ಲ. ಎಂದರೆ, ಸ್ಮೃತಿಯು ಬೇರೊಂದು ಭಾವವನ್ನು ಆಶ್ರಯಿಸಿಯೇ ನಿಲ್ಲತಕ್ಕದ್ದು.

2023ರಲ್ಲಿ ಶಶಾಂಕ್ ಸೋಗಾಲರ ನಿರ್ದೇಶನದಲ್ಲಿ ತೆರೆಕಂಡ ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರವನ್ನು ಈ ದೃಷ್ಟಿಯಿಂದ ಪರೀಕ್ಷಿಸಬಹುದು. ಮೂಡಿಗೆರೆಯಲ್ಲಿ ನೆಲಸಿ 2007ರಲ್ಲಿ ದಿವಂಗತರಾದ ಪೂರ್ಣಚಂದ್ರ ತೇಜಸ್ವಿಯವರ ಕಥೆಯೇ ಇದಕ್ಕೆ ಮೂಲ. ಅದು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನಕ್ಕೆ ಸೇರಿದುದು. ಅವರ ವಾಚಕರೇ ಹಣ ಕೂಡಿಸಿ ಈ ಚಿತ್ರವನ್ನು ನಿರ್ಮಿಸಿದರು. ಹಿಂದೂ ಹುಡುಗರೇ ತುಂಬಿದ್ದ ಅಬಚೂರಿನ ಕಾಲೇಜಿನ ತರಗತಿಗೆ ಮುಸ್ತಫಾ ಬರುವನು. ರಾಮಾನುಜ ಅಯ್ಯಂಗಾರಿ ಮೊದಲಾದವರು ಕೇಳಿದ ಮಾತುಗಳನ್ನೇ ನಂಬಿ ಅವನಿಗೆ ಅಂಜುವರು. ವೈರವು ಕ್ರಿಕೆಟ್ ಪಂದ್ಯದವರೆಗೂ ಬೆಳೆದು ಕಡೆಗೆ ಸ್ನೇಹದಲ್ಲಿ ಪರ್ಯವಸಾನವಾಗುವುದು.

ತೇಜಸ್ವಿಯವರು ಬರೆದಾಗ ಅದು ವರ್ತಮಾನದ ಕಥೆ. ಚಿತ್ರದಲ್ಲಿ ಅದೇ 1970ರ ದಶಕದ ಸವಿನೆನಪಾಗಿದೆ. ಸ್ಮೃತಿಯು ಚಿತ್ರಕಾರರು ಸೇರಿಸಿದ ಅಂಶವೆಂಬುದು ಇದರಿಂದ ಸ್ಪಷ್ಟ.

ಹೋಲಿಕೆಗಾಗಿ, ಅದೇ 1973ರಲ್ಲಿ ಜಾರ್ಜ್ ಲೂಕಾಸ್ ರಚಿಸಿದ ‘ಅಮೆರಿಕನ್ ಗ್ರಾಫಿಟಿ’ ಎಂಬ ಚಿತ್ರವನ್ನು ನೋಡಬಹುದು. ಕ್ಯಾಲಿಫೋರ್ನಿಯದ ಮೊಡೆಸ್ಟೊ ಪಟ್ಟಣದಲ್ಲಿ 1962ರ ಒಂದು ರಾತ್ರಿ ಹುಡುಗರು ಕಾರುಗಳಲ್ಲಿ ಸುತ್ತಿ ನಲಿಯುವರು. ಆದರೆ ಕೊನೆಯ ಬರಹವು ಒಬ್ಬನು ಅಪಘಾತದಲ್ಲಿ ಮಡಿದುದನ್ನೂ ಇನ್ನೊಬ್ಬನು ವಿಯೆಟ್ನಾಮ್ ಯುದ್ಧದಲ್ಲಿ ಕಾಣೆಯಾದುದನ್ನೂ ತಿಳಿಸುತ್ತದೆ. ಅಲ್ಲಿ ಸ್ಮೃತಿಗೆ ಶೋಕವು ಆಶ್ರಯ; ಇಲ್ಲಿ ಹಾಸವು ಆಶ್ರಯ.

ಹಾಸವನ್ನು ಆಶ್ರಯಿಸಿದ ಸ್ಮೃತಿಗೆ ಒಂದು ಅಪಾಯವುಂಟು. ದೂರದ ಬೆಟ್ಟ ನುಣ್ಣಗೆ ಎಂಬಂತೆ, ಹಿಂದಿನವರ ಭಯವೂ ಮುದ್ದಾಗಿ ಕಾಣುವುದು. ಅದು ಅಂದಿನದು, ನಮ್ಮದಲ್ಲ ಎಂದು ಪ್ರೇಕ್ಷಕನು ನಿಶ್ಚಿಂತನಾಗುವನು. ನಮ್ಮ ಗಿರಿಗಳ ಕಾಫಿಯನ್ನು ಬಾಬಾ ಬುಡನ್ ಎಂಬ ಫಕೀರನು ಯೆಮೆನ್ ದೇಶದಿಂದ ತಂದನೆಂದು ಪ್ರತೀತಿ. ಅವನ ಹೆಸರಿನ ಗಿರಿಯ ಪೀಠದ ವಿಷಯವಾಗಿಯೇ ಹಿಂದೂ ಮುಸಲ್ಮಾನರೊಳಗೆ ದಶಕಗಳ ವ್ಯಾಜ್ಯ ನಡೆದಿರುವಾಗ, ಈ ನೆಲದ ಪ್ರೇಕ್ಷಕನಿಗೆ ಆ ನಿಶ್ಚಿಂತೆ ಸಲ್ಲದು. ಅಬಚೂರನ್ನು ಇಷ್ಟು ಸಿಹಿಯಾಗಿ ತೋರಿಸಿದುದು ಚಿತ್ರದ ದೋಷವೆಂದೇ ನನ್ನ ಅಭಿಪ್ರಾಯ.

ಆದರೂ ಗುಣವೇ ಹೆಚ್ಚು. ಇಲ್ಲಿ ನಗೆಗೆ ಆಲಂಬನ ಮುಸ್ತಫಾ ಅಲ್ಲ, ಅವನಿಗೆ ಅಂಜುವವರು. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಗಾನವನ್ನು ಕೇಳಿ ದುಷ್ಯಂತನು ಕಾರಣವರಿಯದೆ ಕಳವಳಗೊಳ್ಳುವನು. ಮರೆತ ತಪ್ಪನ್ನು ಮನಸ್ಸು ಅಸ್ಪಷ್ಟವಾಗಿ ನೆನೆಯುವ ರೀತಿ ಅದು. ಅಯ್ಯಂಗಾರಿಯನ್ನು ನೋಡಿ ನಕ್ಕ ನನಗೂ ಅಂತಹ ಕಳವಳ ಉಂಟಾಯಿತು. ಪಾಠಶಾಲೆಯಲ್ಲಿ ಓದಿದ ನನ್ನ ಬಾಲ್ಯದಲ್ಲಿ ಮುಸಲ್ಮಾನ ಸಹಪಾಠಿ ಒಬ್ಬನೂ ಇರಲಿಲ್ಲ. ನಾನು ಅವರನ್ನು ಅರಿತುದೂ ಕೇಳಿದ ಮಾತಿನಿಂದಲೇ. ಸಹೃದಯನಲ್ಲಿ ಈ ಕಳವಳವನ್ನು ಎಬ್ಬಿಸಿದಷ್ಟರ ಮಟ್ಟಿಗೆ ಚಿತ್ರದ ಸ್ಮೃತಿಯು ಸಾರ್ಥಕವಾಗಿದೆ.