40 ಮಕ್ಕಳು, ಓಡುವವರು 4

ಖೋಖೋ ಅಂಕಣದ ಉದ್ದ 27 ಮೀಟರ್, ಅಗಲ 16. ಒಂದು ತಂಡದಿಂದ ಅಂಕಣಕ್ಕಿಳಿಯುವವರು 9 ಮಂದಿ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ದೈಹಿಕ ಶಿಕ್ಷಣದ ತರಬೇತಿ ಎಂದರೆ ಬಹುಮಟ್ಟಿಗೆ ಇಂಥ ಅಳತೆ, ನಿಯಮ, ಸೀಟಿಯ ಸಂಜ್ಞೆಗಳ ಪಾಠ. ಕ್ರೀಡಾಕೂಟ ನಡೆಸುವವರಿಗೆ ಇದೆಲ್ಲ ಬೇಕು. ತರಗತಿ ನಡೆಸಲು ಇಷ್ಟು ಸಾಲದು. 40 ಮಕ್ಕಳನ್ನು ಆ ಅಂಕಣಕ್ಕೆ ಕರೆತನ್ನಿ: 8 ಮಂದಿ ಕೂತಿರುತ್ತಾರೆ, ಒಬ್ಬ ಬೆನ್ನಟ್ಟುತ್ತಾನೆ, ಮೂವರು ತಪ್ಪಿಸಿಕೊಳ್ಳುತ್ತಾರೆ. ಉಳಿದ 28 ಮಕ್ಕಳು ಗೆರೆಯಾಚೆ ನಿಂತು ನೋಡುತ್ತಾರೆ.

ರಿಲೇ ಓಟದ ಲೆಕ್ಕವೂ ಹೀಗೇ. 20ರಂತೆ ಎರಡು ಸಾಲು, ಒಬ್ಬೊಬ್ಬರಿಗೆ 15 ಸೆಕೆಂಡು ಎಂದಿಟ್ಟುಕೊಂಡರೆ, ಸರದಿ ಮತ್ತೆ ಬರಲು 5 ನಿಮಿಷ. 40 ನಿಮಿಷದ ಪಿರಿಯಡ್ಡಿನಲ್ಲಿ ಮಗು ಓಡಿದ್ದು ಒಟ್ಟು 2 ನಿಮಿಷ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಮೈಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತರಬೇತಿಯ ಬೆಲೆ ಕಟ್ಟಲು ನಾನು ಬಳಸುವ ಅಳತೆಗೋಲು ಈ 2 ನಿಮಿಷ. ತರಬೇತಿ ಮುಗಿಸಿ ಬಂದ ಶಿಕ್ಷಕಿಯ ಪಿರಿಯಡ್ಡಿನಲ್ಲಿ ಅದು 20 ಆಯಿತೇ?

1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ಕಾಲೇಜು ತೆರೆದಂದಿನಿಂದ ನಮ್ಮಲ್ಲಿ ದೈಹಿಕ ಶಿಕ್ಷಣ ಪರಿಣತರ ವಿದ್ಯೆಯಾಗಿ ಬೆಳೆದಿದೆ. ಆದರೆ ಚಿಕ್ಕ ಮಕ್ಕಳ ಶಾಲೆಗೆ ಪರಿಣತರು ಬರುವುದು ಅಪರೂಪ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೂಡ ಅರೆಕಾಲಿಕ ದೈಹಿಕ ಶಿಕ್ಷಕರ ಮಾತೆತ್ತುವುದು 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಮಾತ್ರ. ಅದಕ್ಕಿಂತ ಕೆಳಗೆ, ಲೆಕ್ಕ ಹೇಳಿಕೊಡುವ ಅಕ್ಕೋರೇ ಆಟವನ್ನೂ ಆಡಿಸಬೇಕು. ಪರಿಣತರ ಪಠ್ಯವನ್ನು ಮೊಟಕು ಮಾಡಿ ಅವರ ಕೈಗಿತ್ತರೆ ಅದು ಅವರದಾಗುವುದಿಲ್ಲ.

ಬೆಳಗಾವಿ ಮತ್ತು ಖಾನಾಪುರವನ್ನು ಒಟ್ಟಿಗೆ ನೋಡಿದಾಗ ಕೊರತೆ ಇನ್ನೂ ಸ್ಪಷ್ಟ. ಶಹಾಪುರ, ವಡಗಾವಿಯ ಒತ್ತೊತ್ತಾದ ಗಲ್ಲಿಗಳಲ್ಲಿ ಮಕ್ಕಳಿದ್ದಾರೆ, ಅಂಗಳ ಸಾಲದು. ಖಾನಾಪುರದ ಕಾಡಂಚಿನಲ್ಲಿ, ಜಾಂಬೋಟಿ, ಕಣಕುಂಬಿಯ ಕಡೆ, ಬಯಲಿದೆ, ಮಕ್ಕಳು ಕಡಿಮೆ. ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲೆಲ್ಲ ಮಳೆಯ ಪಾಲು. 12 ಮಕ್ಕಳ ಶಾಲೆಯಲ್ಲಿ ಒಂಬತ್ತರ ಎರಡು ತಂಡ ಎಲ್ಲಿಂದ ಬರಬೇಕು? ಆರು ವರ್ಷದ ಹುಡುಗಿ, ಹತ್ತು ವರ್ಷದ ಹುಡುಗ ಒಟ್ಟಿಗೇ ಆಡಬೇಕು. ಮನೆಯಲ್ಲಿ ಒಬ್ಬರದು ಕನ್ನಡ, ಇನ್ನೊಬ್ಬರದು ಮರಾಠಿ. ಇಂಥ ಎರಡು ಊರಿಗೂ ಒಂದೇ ಕೈಪಿಡಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ದಾರಿ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪು ಮಾಡಿ ಅವರವರ ವೇಗದಲ್ಲಿ ಕಲಿಸುವುದನ್ನು ಶಿಕ್ಷಕರಿಗೆ ರೂಢಿ ಮಾಡಿಸಿತು. ಆ ಕೌಶಲವನ್ನೇ ಅಂಗಳಕ್ಕೆ ತಂದರೆ ಸಾಕು: ನಾಲ್ಕು ಮೂಲೆಗೆ ನಾಲ್ಕು ಕೆಲಸ. ಒಂದರಲ್ಲಿ ಹಗ್ಗ ಜಿಗಿತ, ಒಂದರಲ್ಲಿ ಬಟ್ಟೆ ಚೆಂಡು ಎಸೆದು ಹಿಡಿಯುವುದು, ಒಂದರಲ್ಲಿ ಕುಂಟಾಬಿಲ್ಲೆ, ಒಂದರಲ್ಲಿ ಲಗೋರಿ. ಐದೈದು ನಿಮಿಷಕ್ಕೆ ಜಾಗ ಬದಲು. ಕಾಯುವ ಮಗು ಇಲ್ಲ. ಕಾಲಿನ ತೊಂದರೆಯ ಮಗುವನ್ನು ಅಂಕ ಬರೆಯಲು ಕೂರಿಸುವ ಅಗತ್ಯವೂ ಇಲ್ಲ. ಚೆಂಡಿನ ಮೂಲೆ ಅದರದೂ ಹೌದು.

ತರಬೇತಿಯಲ್ಲಿ ಪದಕ ಗೆದ್ದವರ ಹೆಸರು ಹೇಳಿ ಹುರುಪು ತುಂಬುವುದುಂಟು. ಬೆಳಗಾವಿ ಪಕ್ಕದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ಗೆದ್ದದ್ದು ನನಗೂ ಹೆಮ್ಮೆ. ಆದರೆ ಪ್ರತಿಭೆ ಹೆಕ್ಕುವ ಕಣ್ಣಿಗೆ, ಓಡಲು ನಾಚುವ ಮಗು ಕಾಣುವುದಿಲ್ಲ. ಆ ಮಗುವಿಗೆ ತಪ್ಪಿಗೆ ದಂಡವಾಗಿ ಮೈದಾನ ಸುತ್ತಿಸಿದರಂತೂ ಓಟವೆಂದರೆ ಶಿಕ್ಷೆ ಎಂದೇ ಅದು ಕಲಿಯುತ್ತದೆ. ತರಬೇತಿ ಇದನ್ನು ಮೊದಲ ದಿನವೇ ಕೈಬಿಡಿಸಬೇಕು.

ನನ್ನ ಒತ್ತಾಯ ಇಷ್ಟು: ಒಂದು ದಿನದ ತರಬೇತಿಯಾದರೂ ಜುಲೈನಲ್ಲಿ, ಖಾನಾಪುರ ತಾಲೂಕಿನ ಒಂದು ಶಾಲೆಯ ಪಡಸಾಲೆಯಲ್ಲಿ, ಆ ಶಾಲೆಯ ಮಕ್ಕಳೊಂದಿಗೇ ನಡೆಯಲಿ. ಹೊರಗೆ ಮಳೆ ಸುರಿಯುತ್ತಿರಲಿ. ಒಬ್ಬ ಶಿಕ್ಷಕಿ ಆಟ ಆಡಿಸಲಿ, ಇನ್ನೊಬ್ಬರು ಗಡಿಯಾರ ಹಿಡಿದು ಒಂದೇ ಮಗುವನ್ನು ಹತ್ತು ನಿಮಿಷ ನೋಡಿ, ಅದು ಎಷ್ಟು ಹೊತ್ತು ಆಡಿತು, ಎಷ್ಟು ಹೊತ್ತು ಕಾಯಿತು ಎಂದು ಬರೆದುಕೊಳ್ಳಲಿ.